ನಿಂತ ಕಾರು, ತಿರುಗುವ ಎಂಜಿನು

ಹಳೆಯ ಕಾರೊಂದನ್ನು ಇಟ್ಟುಕೊಂಡವರ ಮನೆಗೆ ಭಾನುವಾರ ಬೆಳಿಗ್ಗೆ ಹೋದರೆ ಒಂದು ನೋಟ ತಪ್ಪದೆ ಕಾಣಸಿಗುತ್ತದೆ. ಬಾನೆಟ್ಟು ಮೇಲೆತ್ತಿದೆ. ಮನೆಯ ಯಜಮಾನರು ತಿರುಪುಳಿ ಹಿಡಿದು ಬಗ್ಗಿ ನಿಂತಿದ್ದಾರೆ. ಎಂಜಿನು ಒಮ್ಮೆ ಬೊಬ್ಬಿರಿಯುತ್ತದೆ, ಮರುಗಳಿಗೆಯಲ್ಲಿ ಬಿಕ್ಕಳಿಸಿ ನಿಂತುಬಿಡುತ್ತದೆ. “ಏನು ಸಮಾಚಾರ?” ಎಂದು ಕೇಳಿದರೆ, “ಸ್ಲೋ ನಿಲ್ಲುತ್ತಿಲ್ಲ ಸ್ವಾಮಿ” ಎಂಬ ಉತ್ತರ ಬರುತ್ತದೆ. ಈ ಮಾತಿನ ಅರ್ಥವೇನು, ಅದನ್ನು ಸರಿಪಡಿಸುವ ಕ್ರಮ ಯಾವುದು, ಇದರಲ್ಲಿ ಎಚ್ಚರ ತಪ್ಪಿದರೆ ಆಗುವ ಅಪಾಯವೇನು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಕಾರು ನಿಂತಿರುವಾಗ, ಗೇರು ಹಾಕದೆ, ಚಾಲಕನ ಕಾಲು ಏಕ್ಸಿಲರೇಟರಿನ ಮೇಲೆ ಇಲ್ಲದಿರುವಾಗ ಎಂಜಿನು ತನ್ನಷ್ಟಕ್ಕೆ ತಾನು ಮೆಲ್ಲಗೆ ತಿರುಗುತ್ತಿರಬೇಕು. ಈ ಗತಿಗೆ ನಮ್ಮ ಮೇಸ್ತ್ರಿಗಳು ‘ಸ್ಲೋ’ ಎನ್ನುತ್ತಾರೆ. ಪುಸ್ತಕಗಳಲ್ಲಿ ಐಡ್ಲಿಂಗ್ ಎಂದು ಬರೆದಿರುತ್ತದೆ. ಇದು ತೀರ ಕಡಿಮೆಯಾದರೆ ಪ್ರತಿ ಸಿಗ್ನಲಿನಲ್ಲೂ ಎಂಜಿನು ನಿಂತು ಹಿಂದಿನವರ ಹಾರನ್ನು ಕೇಳಬೇಕಾಗುತ್ತದೆ. ತೀರ ಹೆಚ್ಚಾದರೆ ಪೆಟ್ರೋಲು ವ್ಯರ್ಥವಾಗುತ್ತದೆ, ಗೇರು ಹಾಕುವಾಗ ‘ಕರಕ್’ ಎನ್ನುತ್ತದೆ, ಎಂಜಿನು ಕಾಯುತ್ತದೆ. ಇವೆಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ. ಕಾಲು ತೆಗೆದರೂ ಎಂಜಿನು ಇಳಿಯದ ಕಾರು ಚಾಲಕನ ಕೈಯಲ್ಲಿ ಪೂರ್ತಿಯಾಗಿ ಇಲ್ಲದ ಕಾರು.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ನನ್ನ ಚಿಕ್ಕಪ್ಪನವರಲ್ಲಿ ಒಂದು ಮೋರಿಸ್ ಮೈನರ್ ಕಾರಿತ್ತು. ಒಂದು ಮಳೆಗಾಲದ ಕೊನೆಗೆ ಅದು ನಿಂತಲ್ಲಿ ನಿಲ್ಲಲಾರದೆ ಪದೇಪದೇ ಆರಿಹೋಗತೊಡಗಿತು. ಒಂದು ಗ್ಯಾರೇಜಿಗೆ ಒಯ್ದೆವು. ಅಲ್ಲಿದ್ದವರು ಬಾನೆಟ್ಟು ಎತ್ತಿ, ಕಾರ್ಬ್ಯುರೇಟರಿನ ಒಂದು ಸ್ಕ್ರೂವನ್ನು ನಾಲ್ಕಾರು ಸುತ್ತು ಬಿಗಿ ಮಾಡಿ, “ಆಯಿತು, ಇನ್ನು ಆರುವುದಿಲ್ಲ” ಎಂದರು. ನಿಜಕ್ಕೂ ಆರಲಿಲ್ಲ. ಮರುದಿನ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ಒಂದು ತಿರುವಿನಲ್ಲಿ ಚಿಕ್ಕಪ್ಪನವರು ಕಾಲು ತೆಗೆದರು, ಎಂಜಿನು ಇಳಿಯಲಿಲ್ಲ. ಬ್ರೇಕು ಒತ್ತಿದರೆ ಕಾರು ಅರೆಮನಸ್ಸಿನಿಂದ ನಿಧಾನವಾಯಿತು, ಎಂಜಿನು ಮಾತ್ರ ಮುಂದಕ್ಕೆ ನೂಕುತ್ತಲೇ ಇತ್ತು. ಅವರು ಗಾಬರಿಯಾಗದೆ ಕ್ಲಚ್ಚು ಒತ್ತಿದರು, ಎಂಜಿನು ಕೂಗಿಕೊಂಡಿತು, ಬೀಗದ ಕೈ ತಿರುಗಿಸಿ ಆರಿಸಿದರು. ರಸ್ತೆಯಂಚಿನ ಕಲ್ಲುಕಟ್ಟೆಗೆ ಎರಡು ಮಾರು ಇರುವಾಗ ಕಾರು ನಿಂತಿತು. ಹಿಂದಿನ ಸೀಟಿನಲ್ಲಿದ್ದ ಚಿಕ್ಕಮ್ಮ ಬಹಳ ಹೊತ್ತು ಮಾತಾಡಲಿಲ್ಲ.

ಬಿಚ್ಚಿ ನೋಡಿದಾಗ ತಿಳಿದದ್ದು ಇಷ್ಟು. ಏಕ್ಸಿಲರೇಟರಿನ ಹೆಣೆದ ತಂತಿಯಲ್ಲಿ ಮೂರು ಎಳೆಗಳು ಹರಿದು, ಹೊರಗವಸಿನ ಬಾಯಲ್ಲಿ ಮುದ್ದೆಗಟ್ಟಿ ಸಿಕ್ಕಿಕೊಂಡಿದ್ದವು. ಇದು ಒಂದು. ಕಾರ್ಬ್ಯುರೇಟರಿಗೂ ಎಂಜಿನಿಗೂ ನಡುವಿನ ಕಾಗದದ ಗ್ಯಾಸ್ಕೆಟ್ಟು ಸೀಳಿ ಕಳ್ಳಗಾಳಿ ಒಳಗೆ ನುಗ್ಗುತ್ತಿತ್ತು. ಎಂಜಿನು ಆರಿಹೋಗುತ್ತಿದ್ದುದು ಅದರಿಂದ. ಇದು ಎರಡು. ಸ್ಕ್ರೂವನ್ನು ಬಿಗಿ ಮಾಡಿದ್ದರಿಂದ ಎರಡು ದೋಷಗಳೂ ಮರೆಯಾಗಿದ್ದವೇ ಹೊರತು ಹೋಗಿರಲಿಲ್ಲ. ಆ ಒಂದು ಸ್ಕ್ರೂವಿಗೆ ಕೈಹಾಕುವುದು ಕಟ್ಟಕಡೆಯ ಕೆಲಸ ಎಂಬುದನ್ನು ನಾನು ಆ ದಿನದಿಂದ ಮರೆತಿಲ್ಲ.

ಮೋರಿಸ್ ಮೈನರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಪುಟ್ಟ ಕಾರನ್ನು ರೂಪಿಸಿದವರು ಅಲೆಕ್ ಇಸಿಗೊನಿಸ್. ಮುಂದೆ 1959ರಲ್ಲಿ ‘ಮಿನಿ’ ಕಾರನ್ನು ಕೊಟ್ಟವರೂ ಅವರೇ. ಕಂಪನಿಯ ಯಜಮಾನರಾದ ನಫೀಲ್ಡ್ ಪ್ರಭುಗಳಿಗೆ ಮೈನರಿನ ಗುಂಡನೆಯ ಆಕಾರ ಹಿಡಿಸಲಿಲ್ಲ, ಅದನ್ನು ಬೇಯಿಸಿದ ಮೊಟ್ಟೆಗೆ ಹೋಲಿಸಿದರು ಎಂಬ ಮಾತು ಪ್ರಸಿದ್ಧವಾಗಿದೆ. ಆದರೂ ಬ್ರಿಟನ್ನಿನ ಕಾರುಗಳಲ್ಲಿ ಹತ್ತು ಲಕ್ಷದ ಗಡಿ ಮೊದಲು ದಾಟಿದ್ದು ಈ ಮೊಟ್ಟೆಯೇ. ಆರಂಭದಲ್ಲಿ 918 ಸಿ.ಸಿ.ಯ ಹಳೆಯ ಮಾದರಿಯ ಎಂಜಿನು ಇತ್ತು. 1952ರಲ್ಲಿ 803, 1956ರಲ್ಲಿ 948, 1962ರಲ್ಲಿ 1098 ಸಿ.ಸಿ. ಎಂಜಿನುಗಳು ಬಂದವು. ನಮ್ಮ ದೇಶದಲ್ಲಿ ‘ಬೇಬಿ ಹಿಂದುಸ್ತಾನ್’ ಎಂಬ ಹೆಸರಿನಿಂದ ಓಡಾಡಿದ್ದು ಇದರ ಒಡಹುಟ್ಟೇ. 2014ರವರೆಗೆ ಉತ್ತರಪಾರಾದಲ್ಲಿ ತಯಾರಾದ ಅಂಬಾಸಿಡರ್ ಕೂಡ ಇದೇ ಮೋರಿಸ್ ಮನೆತನದ ದೊಡ್ಡ ಕಾರಿನಿಂದ ಬಂದದ್ದು. ಆದುದರಿಂದ ಮುಂದೆ ಹೇಳುವ ಮಾತು ಎಸ್.ಯು. ಕಾರ್ಬ್ಯುರೇಟರು ಇರುವ ಹಳೆಯ ಅಂಬಾಸಿಡರಿಗೂ ತತ್ತ್ವದಲ್ಲಿ ಹೊಂದುತ್ತದೆ. ಅಳತೆಗಳನ್ನು ಮಾತ್ರ ಆಯಾ ಕಾರಿನ ಕೈಪಿಡಿಯಿಂದ ತೆಗೆದುಕೊಳ್ಳಬೇಕು.

ಎಸ್.ಯು. ಎಂದರೆ ಸ್ಕಿನ್ನರ್ ಯೂನಿಯನ್. ಸ್ಕಿನ್ನರ್ ಮನೆತನದವರದು ಪಾದರಕ್ಷೆಗಳ ವ್ಯಾಪಾರ. ಆ ಮನೆಯ ಜಾರ್ಜ್ ಹರ್ಬರ್ಟ್ ಸ್ಕಿನ್ನರ್ ಎಂಬವರಿಗೆ ಮೋಟಾರಿನ ಹುಚ್ಚು ಹತ್ತಿ, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಒಂದು ಹೊಸ ಬಗೆಯ ಕಾರ್ಬ್ಯುರೇಟರನ್ನು ಕಂಡುಹಿಡಿದರು. ಅದರ ಮೊದಲ ಮಾದರಿಗಳಲ್ಲಿ ಗಾಳಿಗೆ ತಕ್ಕಂತೆ ಏರಿಳಿಯುವ ಭಾಗವು ಚರ್ಮದ ತಿದಿಯಾಗಿತ್ತು. ಪಾದರಕ್ಷೆಯ ಮನೆಯಲ್ಲಿ ಚರ್ಮಕ್ಕೆ ಬರವೆ! 1926ರಲ್ಲಿ ಮೋರಿಸರು ಆ ಕಂಪನಿಯನ್ನೇ ಕೊಂಡುಕೊಂಡರು. ಮೈನರಿನ ಕೊನೆಯ ಮಾದರಿಗಳಲ್ಲಿರುವುದು ಎಚ್.ಎಸ್.2 ಎಂಬ ನಮೂನೆ. ಇಲ್ಲಿನ ‘2’ ಒಂದು ಗುಟ್ಟಿನ ಅಂಕೆ: ಒಂದು ಅಂಗುಲಕ್ಕೆ ಮೇಲೆ ಎರಡು ಅರೆಪಾಲು, ಅಂದರೆ ಎಂಟನೆಯ ಎರಡು ಭಾಗ. ಗಾಳಿಯ ದಾರಿಯ ಅಗಲ ಒಂದೂಕಾಲು ಅಂಗುಲ ಎಂದು ಇದರಿಂದ ತಿಳಿಯಬೇಕು.

ಇದು ಕೆಲಸ ಮಾಡುವ ಬಗೆಯನ್ನು ಅರಿತವರಿಗೆ ಮುಂದಿನದೆಲ್ಲ ಸುಲಭ. ಎಂಜಿನಿಗೆ ಹೋಗುವ ಗಾಳಿಯ ಕೊಳವೆಯಲ್ಲಿ ಎರಡು ಅಡ್ಡಗಳಿವೆ. ಎಂಜಿನಿನ ಬದಿಗಿರುವುದು ದುಂಡನೆಯ ಹಿತ್ತಾಳೆಯ ತಟ್ಟೆ. ನಡುವೆ ಒಂದು ಕಡ್ಡಿ ಹಾಯಿಸಿದ್ದು, ಕಡ್ಡಿ ತಿರುಗಿದರೆ ತಟ್ಟೆ ತೆರೆಯುತ್ತದೆ ಇಲ್ಲವೆ ಮುಚ್ಚುತ್ತದೆ. ಇದೇ ಥ್ರಾಟಲ್. ಚಾಲಕನ ಕಾಲಿನ ಆಜ್ಞೆ ಇದಕ್ಕೆ ಮಾತ್ರ ತಲುಪುತ್ತದೆ. ಅದರ ಹಿಂದೆ ಗಾಳಿಯ ಬಾಯಿಯ ಕಡೆಗೆ ಮೇಲಿನಿಂದ ಇಳಿಬಿದ್ದಿರುವುದು ಪಿಸ್ಟನ್ನು. ಇದು ಎಂಜಿನಿನ ಪಿಸ್ಟನ್ನಲ್ಲ. ಕಾರ್ಬ್ಯುರೇಟರಿನ ತಲೆಯ ಮೇಲೆ ಗಂಟೆಯಂತೆ ಕಾಣುವ ಕೋಣೆಯೊಳಗೆ ತನ್ನ ಭಾರಕ್ಕೆ ತಾನೇ ಕೂತಿರುವ ತುಂಡು. ಥ್ರಾಟಲ್ ತೆರೆದಾಗ ಎಂಜಿನು ಎಳೆಯುವ ಗಾಳಿ ಹೆಚ್ಚಿ, ಕೋಣೆಯೊಳಗಿನ ಒತ್ತಡ ಇಳಿದು, ಪಿಸ್ಟನ್ನು ಮೇಲೇಳುತ್ತದೆ. ಗಾಳಿ ಹೆಚ್ಚಿದಷ್ಟೂ ದಾರಿ ಅಗಲವಾಗುವುದರಿಂದ ಗಾಳಿಯ ವೇಗ ಹೆಚ್ಚುಕಡಿಮೆ ಒಂದೇ ಸಮನಾಗಿ ಉಳಿಯುತ್ತದೆ.

ಪಿಸ್ಟನ್ನಿನ ತಳದಲ್ಲಿ ಚೂಪಾದ ಸೂಜಿಯೊಂದು ನೇತಾಡುತ್ತದೆ. ಅದು ಕೆಳಗಿರುವ ಜೆಟ್ ಎಂಬ ಸಣ್ಣ ನಳಿಗೆಯೊಳಗೆ ಇಳಿದಿದೆ. ಆ ನಳಿಗೆಯಲ್ಲೇ ಪೆಟ್ರೋಲು ಬರುವುದು. ಪಿಸ್ಟನ್ನು ಏರಿದಂತೆ ಸೂಜಿಯ ತೆಳುವಾದ ಭಾಗ ನಳಿಗೆಯ ಬಾಯಿಗೆ ಬಂದು ಸಂದು ಹಿಗ್ಗುತ್ತದೆ, ಪೆಟ್ರೋಲು ಹೆಚ್ಚು ಬರುತ್ತದೆ. ಗಾಳಿಯೂ ಹೆಚ್ಚು, ಪೆಟ್ರೋಲೂ ಹೆಚ್ಚು. ಎರಡರ ಪ್ರಮಾಣ ಕೆಡುವುದಿಲ್ಲ. ಎಷ್ಟು ಸರಳ! ಇದೇ ಕೆಲಸಕ್ಕೆ ಬೇರೆ ಕಾರ್ಬ್ಯುರೇಟರುಗಳಲ್ಲಿ ಬೇರೆಬೇರೆ ಜೆಟ್ಟುಗಳು ಐದಾರು ಇರುತ್ತವೆ. ಇಲ್ಲಿ ಇರುವುದು ಒಂದೇ. ನಿಂತಾಗಲೂ ಅದೇ, ಓಡುವಾಗಲೂ ಅದೇ. ಆದ್ದರಿಂದಲೇ ನಿಂತ ಎಂಜಿನಿನಲ್ಲಿ ಮಾಡಿದ ತಪ್ಪು ಓಡುವ ಎಂಜಿನಿಗೂ ತಗಲುತ್ತದೆ. ಈ ಮಾತು ಹಲವರಿಗೆ ತಿಳಿಯದು.

ಹೀಗಾಗಿ ನಮ್ಮ ಕೈಗೆ ಸಿಗುವ ಹತೋಟಿಗಳು ಮೂರೇ. ಥ್ರಾಟಲ್ ಪೂರ್ತಿ ಮುಚ್ಚದಂತೆ ಕೂದಲೆಳೆಯಷ್ಟು ತೆರೆದಿಡುವ ಸ್ಕ್ರೂ ಒಂದು. ಜೆಟ್ಟನ್ನು ಮೇಲೆ ಕೆಳಗೆ ಮಾಡುವ ಆರು ಮುಖದ ನಟ್ಟು ಕಾರ್ಬ್ಯುರೇಟರಿನ ಅಡಿಯಲ್ಲಿ ಒಂದು. ಚೋಕು ಎಳೆದಾಗ ಗತಿಯನ್ನು ಹೆಚ್ಚಿಸುವ ಮತ್ತೊಂದು ಸ್ಕ್ರೂ, ಬಾಗಿದ ಅಂಚಿನ ಬಿಲ್ಲೆಯೊಂದರ ಎದುರಿಗೆ. ಇವನ್ನು ತಿರುಗಿಸುವ ಮೊದಲು ಆಗಬೇಕಾದ ಕೆಲಸ ಹೆಚ್ಚು.

ಮೊದಲನೆಯದು, ಕಿಡಿ ಮತ್ತು ಕವಾಟಗಳು ಸರಿಯಾಗಿರಬೇಕು. 1098 ಸಿ.ಸಿ. ಎಂಜಿನಿನಲ್ಲಿ ತಣ್ಣಗಿರುವಾಗ ಟ್ಯಾಪೆಟ್ಟಿನ ಸಂದು 0.012 ಅಂಗುಲ, ಪ್ಲಗ್ಗಿನದು 0.025 ಅಂಗುಲ, ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳದು ಸುಮಾರು 0.015 ಅಂಗುಲ. ಇದರಲ್ಲಿ ಒಂದು ತಪ್ಪಿದ್ದರೂ ಕಾರ್ಬ್ಯುರೇಟರನ್ನು ದೂರುವುದು ಅನ್ಯಾಯ. ಎಷ್ಟೋ ಸಲ ‘ಕಾರ್ಬ್ಯುರೇಟರ್ ಕೆಟ್ಟಿದೆ’ ಎಂಬ ದೂರಿನ ಮೂಲ ಹೊಗೆ ಹಿಡಿದ ಒಂದು ಪ್ಲಗ್ಗಿನಲ್ಲಿ ಇರುತ್ತದೆ.

ಎರಡನೆಯದು, ಕಳ್ಳಗಾಳಿ. ಕಾರ್ಬ್ಯುರೇಟರು ಕೂರುವ ಜಾಗ, ಮ್ಯಾನಿಫೋಲ್ಡು ಎಂಜಿನಿಗೆ ಸೇರುವ ಜಾಗ, ಥ್ರಾಟಲ್ ಕಡ್ಡಿಯ ಎರಡು ತುದಿಗಳು ಇವೇ ಅದರ ಬಾಗಿಲುಗಳು. ಎಂಜಿನು ಮೆಲ್ಲಗೆ ತಿರುಗುವಾಗ ಒಂದು ಕುಂಚದಿಂದ ಆಯಾ ಸಂದಿಗೆ ಸ್ವಲ್ಪ ಎಂಜಿನ್ ಆಯಿಲ್ ಸವರಿ ನೋಡಿ. ಸವರಿದ ಕೂಡಲೇ ಎಂಜಿನಿನ ಸದ್ದು ಬದಲಾದರೆ ಬಾಗಿಲು ಅಲ್ಲೇ ಇದೆ. ಕೆಲವರು ಇದಕ್ಕೆ ಪೆಟ್ರೋಲು ಚಿಮುಕಿಸುತ್ತಾರೆ. ಈ ಎಂಜಿನಿನಲ್ಲಿ ಹೊಗೆಯ ಕೊಳವೆ ಹೊರಡುವುದು ಕಾರ್ಬ್ಯುರೇಟರಿನ ಅಡಿಯಿಂದಲೇ. ಕಾದ ಕಬ್ಬಿಣದ ಮೇಲೆ ಪೆಟ್ರೋಲು ಚೆಲ್ಲುವವರಿಗೆ ಯಾರು ಬುದ್ಧಿ ಹೇಳಬೇಕು?

ಮೂರನೆಯದು, ಗಂಟೆಯಾಕಾರದ ಕೋಣೆಯ ತುದಿಯ ಮುಚ್ಚಳ ಬಿಚ್ಚಿದರೆ ಒಳಗೆ ಎಣ್ಣೆ ಇರಬೇಕು. ಪಿಸ್ಟನ್ನಿನ ಟೊಳ್ಳು ಕಡ್ಡಿಯ ತುದಿಯಿಂದ ಸುಮಾರು ಅರ್ಧ ಅಂಗುಲ ಮೇಲಕ್ಕೆ ಬರುವಷ್ಟು 20ನೇ ನಂಬರಿನ ತೆಳು ಎಂಜಿನ್ ಆಯಿಲ್ ಹಾಕಬೇಕು. ಇದು ಸವೆತ ತಡೆಯುವುದಕ್ಕಲ್ಲ. ಏಕ್ಸಿಲರೇಟರನ್ನು ಥಟ್ಟನೆ ಒತ್ತಿದಾಗ ಪಿಸ್ಟನ್ನು ಥಟ್ಟನೆ ಹಾರದಂತೆ ಹಿಡಿದು, ಆ ಕ್ಷಣಕ್ಕೆ ಬೇಕಾದ ಹೆಚ್ಚುವರಿ ಪೆಟ್ರೋಲನ್ನು ಒದಗಿಸುವುದಕ್ಕೆ. ಎಣ್ಣೆ ಒಣಗಿದ ಕಾರು ಕಾಲು ಒತ್ತಿದೊಡನೆ ಒಮ್ಮೆ ತಡವರಿಸಿ ಆಮೇಲೆ ಮುನ್ನುಗ್ಗುತ್ತದೆ. ಹಾಗೆಯೇ ಎಂಜಿನು ಆರಿಸಿ, ಗಾಳಿಯ ಜರಡಿ ತೆಗೆದು, ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಡಿ. ಅದು ಸರಾಗವಾಗಿ ಇಳಿದು ‘ಟಕ್’ ಎಂಬ ಲೋಹದ ಸದ್ದು ಮಾಡಬೇಕು. ಸದ್ದಿಲ್ಲದೆ ಅಂಟಿಕೊಂಡು ಇಳಿದರೆ ಸೂಜಿ ಜೆಟ್ಟಿಗೆ ಉಜ್ಜುತ್ತಿದೆ ಎಂದರ್ಥ. ಅದನ್ನು ನೇರಮಾಡುವ ಕೆಲಸ ಅನುಭವಿಗಳಿಗೆ ಬಿಡುವುದು ಲೇಸು.

ಇನ್ನು ಕಾಲಿನಿಂದ ಥ್ರಾಟಲಿನವರೆಗಿನ ದಾರಿಗೆ ಬರೋಣ. ನನ್ನ ಮಟ್ಟಿಗೆ ಇಡೀ ಕೆಲಸದ ಮುಖ್ಯ ಭಾಗ ಇದೇ. ಎಂಜಿನು ಆರಿರುವಾಗ ಮನೆಯವರೊಬ್ಬರನ್ನು ಚಾಲಕನ ಜಾಗದಲ್ಲಿ ಕೂರಿಸಿ, ಏಕ್ಸಿಲರೇಟರನ್ನು ನೆಲ ಮುಟ್ಟುವವರೆಗೆ ಒತ್ತಲು ಹೇಳಿ. ನೀವು ಬಾನೆಟ್ಟಿನ ಕೆಳಗೆ ನೋಡುತ್ತಿರಿ. ಪೆಡಲು ನೆಲ ಮುಟ್ಟಿದಾಗ ಥ್ರಾಟಲಿನ ತೋಳು ತನ್ನ ಕೊನೆಯ ತಡೆಗೆ ತಾಗಬೇಕು. ತಾಗದಿದ್ದರೆ ಕಾರಿಗೆ ಪೂರ್ತಿ ಶಕ್ತಿ ಸಿಗುತ್ತಿಲ್ಲ. ಏರು ಹತ್ತುವಾಗ ಎಂಜಿನನ್ನು ಬೈಯುತ್ತಿದ್ದವರಿಗೆ ಕಾರಣ ಇಲ್ಲಿ ಸಿಗಬಹುದು. ಈಗ ಕಾಲನ್ನು ಮೆಲ್ಲಗೆ ಬಿಡಲು ಹೇಳಿ. ತೋಳು ಎಲ್ಲೂ ತಡೆಯದೆ ಹಿಂದಕ್ಕೆ ಬಂದು ಸ್ಕ್ರೂವಿನ ಮೇಲೆ ಕೂರಬೇಕು. ಥಟ್ಟನೆ ಬಿಟ್ಟಾಗ ಮರಳಿ ಬಂದರೆ ಸಾಲದು. ಮೆಲ್ಲಗೆ ಬಿಟ್ಟಾಗಲೂ ಬರಬೇಕು, ಏಕೆಂದರೆ ಘಾಟಿಯಲ್ಲಿ ನಾವು ಕಾಲು ತೆಗೆಯುವುದು ಮೆಲ್ಲಗೆಯೇ.

ಮರಳದಿದ್ದರೆ ಹುಡುಕಬೇಕಾದದ್ದು ಹೀಗೆ. ತಂತಿಯನ್ನು ಕಾರ್ಬ್ಯುರೇಟರಿನ ಕಡೆ ಬಿಚ್ಚಿ, ತೋಳನ್ನು ಕೈಯಿಂದ ತಿರುಗಿಸಿ ನೋಡಿ. ಆಗಲೂ ಹಿಡಿದರೆ ದೋಷ ಥ್ರಾಟಲ್ ಕಡ್ಡಿಯಲ್ಲಿ ಇಲ್ಲವೆ ಸ್ಪ್ರಿಂಗಿನಲ್ಲಿದೆ. ಸರಾಗವಾಗಿದ್ದರೆ ದೋಷ ತಂತಿಯಲ್ಲಿದೆ. ತಂತಿಯನ್ನು ಹೊರಗವಸಿನಿಂದ ಪೂರ್ತಿ ಹೊರಗೆಳೆದು, ಬೆರಳುಗಳ ನಡುವೆ ಬಟ್ಟೆಯ ಚೂರಿಟ್ಟು ಉದ್ದಕ್ಕೂ ಸವರಿ. ಹರಿದ ಎಳೆ ಇದ್ದರೆ ಬಟ್ಟೆಗೆ ಚುಚ್ಚಿಕೊಳ್ಳುತ್ತದೆ. ಒಂದೇ ಎಳೆ ಹರಿದಿದ್ದರೂ ತಂತಿ ಬದಲಾಯಿಸಿ. ಅದನ್ನು ಕತ್ತರಿಸಿ ನಯಮಾಡಿ ಮತ್ತೆ ಹಾಕುವ ಜಾಣ್ಮೆ ಬೇಡ. ಒಂದು ಎಳೆ ಹೋದ ಮೇಲೆ ಉಳಿದವುಗಳ ಮೇಲೆ ಭಾರ ಹೆಚ್ಚಿ ಅವೂ ಸಾಲುಗಟ್ಟಿ ಹೋಗುತ್ತವೆ. ಹೊಸ ತಂತಿ ಹೋಗುವ ದಾರಿಯಲ್ಲಿ ಚೂಪಾದ ತಿರುವು ಇರಬಾರದು, ಹೊಗೆಕೊಳವೆಗೆ ತಾಗಬಾರದು.

ಸ್ಪ್ರಿಂಗಿನ ವಿಷಯದಲ್ಲಿ ನಮ್ಮವರದು ತೀರ ಉದಾರ ಮನಸ್ಸು. ಮೂಲದ್ದು ಕಳೆದರೆ ಸೈಕಲ್ಲಿನದೋ ಬಾಗಿಲಿನದೋ ಒಂದನ್ನು ಸಿಕ್ಕಿಸಿಬಿಡುತ್ತಾರೆ. ಮೃದುವಾದ ಸ್ಪ್ರಿಂಗು ತೋಳನ್ನು ಪೂರ್ತಿ ಎಳೆಯಲಾರದು. ಅತಿ ಬಿಗಿಯಾದದ್ದು ಕಡ್ಡಿಯನ್ನು ಒಂದೇ ಪಕ್ಕಕ್ಕೆ ಜಗ್ಗಿ ಅದು ಕೂತ ರಂಧ್ರವನ್ನು ಮೊಟ್ಟೆಯಾಕಾರಕ್ಕೆ ಸವೆಸುತ್ತದೆ. ಕಡ್ಡಿಯ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಕಣ್ಣಿಗೆ ಕಾಣುವಷ್ಟು ಆಡುತ್ತದೆಯೆ? ಹಾಗಿದ್ದರೆ ಅಲ್ಲಿಂದ ಕಳ್ಳಗಾಳಿ ನಿಶ್ಚಯ. ಆಗ ಎಂತಹ ನಿಪುಣನೂ ‘ಸ್ಲೋ’ ನಿಲ್ಲಿಸಲಾರ, ಇವತ್ತು ನಿಂತದ್ದು ನಾಳೆ ನಿಲ್ಲದು. ರಂಧ್ರಕ್ಕೆ ಹೊಸ ಬುಷ್ ಕೂರಿಸಿ ಹೊಸ ಕಡ್ಡಿ ಹಾಕಿಸುವುದೊಂದೇ ದಾರಿ. ಎಸ್.ಯು. ಕಾರ್ಬ್ಯುರೇಟರಿನ ಬಿಡಿಭಾಗಗಳನ್ನು ಇಂಗ್ಲೆಂಡಿನ ಸಾಲ್ಸ್‌ಬರಿಯ ಬರ್ಲೆನ್ ಸಂಸ್ಥೆಯವರು ಈಗಲೂ ತಯಾರಿಸುತ್ತಾರೆ ಎಂಬುದು ಹಳೆಯ ಕಾರಿನವರಿಗೆ ಸಮಾಧಾನದ ಸಂಗತಿ.

ಇಷ್ಟಾದ ಮೇಲೆ ಹೊಂದಿಸುವ ಕೆಲಸ. ಕಾರನ್ನು ಬಯಲಿಗೆ ತನ್ನಿ. ಮುಚ್ಚಿದ ಷೆಡ್ಡಿನಲ್ಲಿ ಎಂಜಿನು ಓಡಿಸುತ್ತ ನಿಲ್ಲಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಭಾರವಾಯಿತು ಎನ್ನುವಷ್ಟರಲ್ಲಿ ಕಾಲು ಸೋತಿರುತ್ತದೆ. ಹೆಗಲ ಮೇಲಿನ ಟವಲ್ಲು, ಸಡಿಲ ತೋಳಿನ ಅಂಗಿ ತೆಗೆದಿಡಿ. ಫ್ಯಾನು ಅಲ್ಲೇ ಪಕ್ಕದಲ್ಲಿ ತಿರುಗುತ್ತಿರುತ್ತದೆ. ಕೈಬ್ರೇಕು ಹಾಕಿ, ಗೇರು ನ್ಯೂಟ್ರಲ್ ಮಾಡಿ, ಹತ್ತಿಪ್ಪತ್ತು ನಿಮಿಷ ಓಡಿಸಿ ಎಂಜಿನನ್ನು ಚೆನ್ನಾಗಿ ಬಿಸಿ ಮಾಡಿ. ತಣ್ಣನೆಯ ಎಂಜಿನಿನಲ್ಲಿ ಹೊಂದಿಸಿದ್ದು ಬಿಸಿಯಾದ ಮೇಲೆ ಸುಳ್ಳಾಗುತ್ತದೆ.

ಎಂಜಿನು ಆರಿಸಿ ತಂತಿಯ ಹಿಡಿತ ಸಡಿಲಿಸಿ. ಚೋಕಿನ ಗುಂಡಿ ಪೂರ್ತಿ ಒಳಗಿರಲಿ, ಚೋಕಿನ ಬಿಲ್ಲೆಗೂ ಅದರ ಸ್ಕ್ರೂವಿಗೂ ಸಂದು ಇರಲಿ. ಹೀಗೆ ಥ್ರಾಟಲನ್ನು ಬೇರಾವುದೂ ಹಿಡಿದಿಲ್ಲ ಎಂಬುದು ಖಚಿತವಾಗಬೇಕು. ಈಗ ಥ್ರಾಟಲ್ ಸ್ಕ್ರೂವನ್ನು ಪೂರ್ತಿ ಹಿಂದೆ ತಿರುಗಿಸಿ, ತಟ್ಟೆ ಮುಚ್ಚಿಕೊಂಡ ಮೇಲೆ ಸ್ಕ್ರೂವಿನ ತುದಿ ತಡೆಗೆ ಬರಿದೆ ತಾಗುವಷ್ಟು ಮುಂದೆ ತನ್ನಿ. ಅಲ್ಲಿಂದ ಒಂದೂವರೆ ಸುತ್ತು ಬಿಗಿ ಮಾಡಿ. ಅಡಿಯ ಜೆಟ್ ನಟ್ಟನ್ನು ಪೂರ್ತಿ ಮೇಲಕ್ಕೆ ಏರಿಸಿ, ಅಲ್ಲಿಂದ ಎರಡು ಸುತ್ತು, ಅಂದರೆ ಹನ್ನೆರಡು ಮುಖದಷ್ಟು ಕೆಳಗೆ ಇಳಿಸಿ. ಇದು ಆರಂಭದ ನೆಲೆ ಮಾತ್ರ, ಕೊನೆಯದಲ್ಲ.

ಎಂಜಿನು ಹಚ್ಚಿ. ಅದು ತುಸು ಜೋರಾಗಿ ತಿರುಗುತ್ತಿದ್ದರೆ ಥ್ರಾಟಲ್ ಸ್ಕ್ರೂವನ್ನು ಸಡಿಲಿಸಿ ಇಳಿಸಿ. ಈಗ ಕಿವಿಗೆ ಕೆಲಸ. ಒಬ್ಬರು ಹಿಂದೆ ಹೋಗಿ ಹೊಗೆಕೊಳವೆಯ ಸದ್ದು ಕೇಳಲಿ. ಸದ್ದು ಒಂದೇ ಸಮನಾಗಿದ್ದರೆ ಮಿಶ್ರಣ ಸರಿ. ನಡುನಡುವೆ ಹೊತ್ತುಗೊತ್ತಿಲ್ಲದೆ ‘ಪುಸ್’ ಎಂದು ತಪ್ಪುತ್ತ, ಹೊಗೆಗೆ ಬಣ್ಣವಿಲ್ಲದಿದ್ದರೆ ಪೆಟ್ರೋಲು ಸಾಲದು. ನಟ್ಟನ್ನು ಕೆಳಗೆ ಇಳಿಸಬೇಕು. ಲಯಬದ್ಧವಾಗಿ ಕುಂಟುತ್ತ, ಹೊಗೆ ಕಪ್ಪಗಿದ್ದರೆ ಪೆಟ್ರೋಲು ಹೆಚ್ಚು, ಮೇಲೆ ಏರಿಸಬೇಕು. ಒಂದು ಸಲಕ್ಕೆ ಒಂದೇ ಮುಖ ತಿರುಗಿಸಿ, ಜೆಟ್ಟನ್ನು ಬೆರಳಿನಿಂದ ಮೇಲಕ್ಕೆ ಒತ್ತಿ ನಟ್ಟಿಗೆ ತಾಗಿಸಿ, ಎಂಜಿನು ಹೊಸ ನೆಲೆಗೆ ಒಗ್ಗುವವರೆಗೆ ಕಾಯಿರಿ. ಅವಸರದಲ್ಲಿ ಅರ್ಧ ಸುತ್ತು ಆಚೆ, ಅರ್ಧ ಸುತ್ತು ಈಚೆ ತಿರುಗಿಸುವವರು ಸಂಜೆಯವರೆಗೂ ತಿರುಗಿಸುತ್ತಲೇ ಇರಬೇಕಾಗುತ್ತದೆ. ಮಿಶ್ರಣ ಸರಿಯಾದಂತೆ ಎಂಜಿನಿನ ಗತಿ ತಾನಾಗಿ ಏರುತ್ತದೆ. ಹಾಗೆ ಏರಿದಾಗ ಥ್ರಾಟಲ್ ಸ್ಕ್ರೂವನ್ನು ಇಳಿಸುತ್ತ ಬನ್ನಿ.

ಸಂದೇಹ ಉಳಿದರೆ ಒಂದು ಪರೀಕ್ಷೆಯಿದೆ. ಕಾರ್ಬ್ಯುರೇಟರಿನ ಪಕ್ಕದಲ್ಲಿ, ಗಂಟೆಯ ಬುಡದಡಿ, ಸ್ಪ್ರಿಂಗಿನ ಮೇಲೆ ಕೂತ ಸಣ್ಣ ಕಡ್ಡಿಯೊಂದಿದೆ. ಅದನ್ನು ಒತ್ತಿದರೆ ಮೊದಲು ಸ್ವಲ್ಪ ಬಿಡುವು, ಆಮೇಲೆ ಪಿಸ್ಟನ್ನು ತಾಗುತ್ತದೆ. ತಾಗಿದ ಮೇಲೆ ಅಂಗುಲದ ಮೂವತ್ತೆರಡನೆಯ ಒಂದು ಭಾಗದಷ್ಟು, ಅಂದರೆ ಉಗುರಿನ ದಪ್ಪದಷ್ಟು ಮೇಲೆತ್ತಿ. ಎಂಜಿನಿನ ಗತಿ ಏರಿ, ಏರಿಯೇ ಉಳಿದರೆ ಪೆಟ್ರೋಲು ಹೆಚ್ಚಿದೆ. ಕೂಡಲೇ ಕುಸಿದು ಆರಿಹೋದರೆ ಕಡಿಮೆಯಿದೆ. ಒಂದು ಕ್ಷಣ ತುಸುವೇ ಏರಿ ಮತ್ತೆ ಮೊದಲಿನಂತಾದರೆ ಸರಿಯಾಗಿದೆ. ಕಾರಣ ಊಹಿಸುವುದು ಕಷ್ಟವಲ್ಲ: ಪಿಸ್ಟನ್ನು ಎತ್ತಿದಾಗ ಗಾಳಿಯ ವೇಗ ತಗ್ಗಿ ಮಿಶ್ರಣ ತೆಳುವಾಗುತ್ತದೆ. ಹೆಚ್ಚಿದ್ದದ್ದು ತೆಳುವಾದರೆ ಎಂಜಿನಿಗೆ ಹಿತ. ಮೊದಲೇ ತೆಳುವಾಗಿದ್ದರೆ ಉಸಿರುಕಟ್ಟು.

ಗತಿ ಎಷ್ಟಿರಬೇಕು? ಈ ಕಾರಿಗೆ ಸಾಮಾನ್ಯವಾಗಿ ಹೇಳುವ ಅಂಕೆ ನಿಮಿಷಕ್ಕೆ ಸುಮಾರು 500 ಸುತ್ತು. ಮೈನರಿನಲ್ಲಿ ಸುತ್ತು ತೋರಿಸುವ ಗಡಿಯಾರವಿಲ್ಲ. ಕಾಯಿಲಿಗೆ ತಂತಿ ಸಿಕ್ಕಿಸಿ ನೋಡುವ ಮೀಟರು ಅಂಗಡಿಗಳಲ್ಲಿ ಸಿಗುತ್ತದೆ. ಇಲ್ಲದವರು ಕಾರಿನ ಒಳಗೆ ಕೂತು ನೋಡಲಿ: ಡೈನಮೋ ಇರುವ ಕಾರಿನಲ್ಲಿ ಕೆಂಪು ದೀಪ ನಿಂತಾಗ ಮಂಕಾಗಿ ಮಿನುಗಿ, ಕಾಲು ತುಸು ಸೋಕಿದೊಡನೆ ಆರಿದರೆ ಗತಿ ಬಹುಮಟ್ಟಿಗೆ ಸರಿಯಾದ ನೆರೆಯಲ್ಲಿದೆ. ಗೇರಿನ ಕಡ್ಡಿ ಮೆಲ್ಲಗೆ ತೂಗುತ್ತಿದ್ದರೆ ಅದೇನೂ ದೋಷವಲ್ಲ. ಈಗಿನ ಹೊಸ ಕಾರಿನಂತೆ ಸದ್ದೇ ಇಲ್ಲದೆ ನಿಲ್ಲಲಿ ಎಂದು ಬಯಸುವುದು ಅಜ್ಜನನ್ನು ಓಟದ ಪಂದ್ಯಕ್ಕೆ ಕರೆದಂತೆ. ಪೇಟೆಯ ಸಂದಣಿಯಲ್ಲಿ ಓಡಾಡುವವರು 600ಕ್ಕೆ ಏರಿಸಿಕೊಂಡರೆ ನನ್ನ ಆಕ್ಷೇಪವಿಲ್ಲ. ಸಾವಿರಕ್ಕೆ ಏರಿಸಿದರೆ ಮಾತ್ರ ನಿಲ್ಲುವಂತಾಗುವ ಎಂಜಿನಿನಲ್ಲಿ ಬೇರೆ ರೋಗವಿದೆ. ಮೇಲೆ ಹೇಳಿದ ಮೊದಲ ಮೆಟ್ಟಿಲಿಗೆ ಹಿಂದಿರುಗಬೇಕು.

ಇದೆಲ್ಲ ಮುಗಿದ ಮೇಲೆ, ಕೊನೆಗೆ, ಏಕ್ಸಿಲರೇಟರಿನ ತಂತಿಯನ್ನು ಮತ್ತೆ ಬಿಗಿಯಬೇಕು. ಪೆಡಲು ಒತ್ತಿದಾಗ ತೋಳು ಅಲುಗುವ ಮೊದಲು ತಂತಿಯಲ್ಲಿ ಅಂಗುಲದ ಹದಿನಾರನೆಯ ಒಂದು ಭಾಗದಷ್ಟು ಸಡಿಲವಿರಲಿ. ಸಡಿಲವೇ ಇಲ್ಲದಂತೆ ಎಳೆದು ಬಿಗಿದರೆ ಥ್ರಾಟಲು ಸ್ಕ್ರೂವಿನ ಮೇಲೆ ಕೂರದೆ ತಂತಿಗೆ ಜೋತುಬೀಳುತ್ತದೆ. ಎಂಜಿನು ರಬ್ಬರಿನ ಮೇಲೆ ಅಲುಗಿದಾಗಲೆಲ್ಲ ಗತಿ ಏರಿಳಿಯುತ್ತದೆ, ನೀವು ಸ್ಕ್ರೂವನ್ನು ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಅತಿ ಸಡಿಲ ಬಿಟ್ಟರೆ ಪೂರ್ತಿ ತೆರೆಯದು. ಬಿಗಿದ ಮೇಲೆ ಪೆಡಲು ಒತ್ತಿ ಬಿಡುವ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಕಾಲಿನಡಿಯ ಚಾಪೆ ಪೆಡಲಿಗೆ ಸಿಕ್ಕುತ್ತದೆಯೇ ಎಂಬುದನ್ನೂ ನೋಡಿ. ನಗಬೇಡಿ, ಅದರಿಂದಲೂ ಥ್ರಾಟಲ್ ಹಿಡಿದದ್ದುಂಟು.

ಚೋಕಿನ ಸ್ಕ್ರೂ ಸುಲಭ. ಗುಂಡಿ ಒಳಗಿರುವಾಗ ಬಿಲ್ಲೆಗೂ ಸ್ಕ್ರೂವಿಗೂ ಅಂಗುಲದ ಅರವತ್ತನಾಲ್ಕನೆಯ ಒಂದು ಭಾಗ ಸಂದು ಇರಬೇಕು. ಗುಂಡಿಯನ್ನು ಜೆಟ್ಟು ಇಳಿಯಲು ತೊಡಗುವ ಮೊದಲಿನ ನೆಲೆಯವರೆಗೆ ಎಳೆದಾಗ ಎಂಜಿನು 900ರಿಂದ 1000 ಸುತ್ತು ತಿರುಗಿದರೆ ಸಾಕು.

ನಮ್ಮ ನಾಡಿನಲ್ಲಿ ಎರಡು ವಿಶೇಷಗಳನ್ನು ಗಮನಿಸಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಮಡಿಕೇರಿ ಅದಕ್ಕಿಂತಲೂ ಎತ್ತರ. ಮೇಲೇರಿದಂತೆ ಗಾಳಿ ತೆಳುವಾಗುವುದರಿಂದ ಮಂಗಳೂರಿನಲ್ಲಿ ಸರಿಯಾಗಿ ಹೊಂದಿಸಿದ ಕಾರಿನಲ್ಲಿ ಮಡಿಕೇರಿಯಲ್ಲಿ ಪೆಟ್ರೋಲು ತುಸು ಹೆಚ್ಚಾಗುತ್ತದೆ. ನಾಲ್ಕು ದಿನದ ಪ್ರವಾಸಕ್ಕೆ ಇದನ್ನು ತಿದ್ದಬೇಕಾಗಿಲ್ಲ. ಅಲ್ಲೇ ಮನೆ ಮಾಡಿದವರು ನಟ್ಟನ್ನು ಒಂದೆರಡು ಮುಖ ಮೇಲೆ ಏರಿಸಿಕೊಳ್ಳಬಹುದು. ಎರಡನೆಯದು ಪೆಟ್ರೋಲಿನ ಗುಣ. 2023ರಿಂದ ಬಂಕುಗಳಿಗೆ ಬರತೊಡಗಿ, 2025ರ ಹೊತ್ತಿಗೆ ದೇಶದಲ್ಲೆಲ್ಲ ಹರಡಿದ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಇದೆ. ಬರೀ ಪೆಟ್ರೋಲು ಪೂರ್ತಿ ಉರಿಯಲು ಅದರ ತೂಕದ 14.7 ಪಟ್ಟು ಗಾಳಿ ಬೇಕು. ಎಥನಾಲಿಗೆ ಸುಮಾರು 9 ಪಟ್ಟು ಸಾಕು. ಹಾಗಾಗಿ ಹಳೆಯ ನೆಲೆಯಲ್ಲೇ ಬಿಟ್ಟ ಜೆಟ್ಟಿಗೆ ಈ ಮಿಶ್ರಣ ತೆಳುವಾಗುತ್ತದೆ. ‘ಮೊನ್ನೆವರೆಗೆ ಚೆನ್ನಾಗಿತ್ತು, ಈಗ ಬಿಕ್ಕುತ್ತಿದೆ’ ಎನ್ನುವ ಕಾರಿಗೆ ನಟ್ಟನ್ನು ಒಂದೆರಡು ಮುಖ ಇಳಿಸಿ ಮೇಲಿನ ಪರೀಕ್ಷೆ ಮಾಡುವುದು ಯೋಗ್ಯ. ಹಳೆಯ ರಬ್ಬರ್ ಕೊಳವೆಗಳನ್ನು ಎಥನಾಲ್ ಮೆತ್ತಗಾಗಿಸಿ ಒಡೆಯುವುದರಿಂದ ಅವುಗಳನ್ನು ಬದಲಾಯಿಸಿ ಎಂಬ ಸಲಹೆಯನ್ನೂ ಸೇರಿಸುತ್ತೇನೆ. ಸೋರುವ ಪೆಟ್ರೋಲಿಗೂ ಕಾದ ಹೊಗೆಕೊಳವೆಗೂ ಈ ಕಾರಿನಲ್ಲಿ ಗೇಣಿನ ಅಂತರವೂ ಇಲ್ಲ.

ಹಳೆಯ ಫಿಯೆಟ್ 1100 ಇರುವವರು ಇದನ್ನು ಓದಿ ತಮ್ಮ ಕಾರಿನಲ್ಲಿ ಜೆಟ್ ನಟ್ಟು ಹುಡುಕಬಾರದು. ಅಲ್ಲಿರುವುದು ಸೋಲೆಕ್ಸ್ ಕಾರ್ಬ್ಯುರೇಟರು. ಅದರಲ್ಲಿ ಥ್ರಾಟಲ್ ಸ್ಕ್ರೂವಿನ ಜೊತೆಗೆ, ನಿಂತ ಗತಿಗೆ ಮಾತ್ರ ಸಂಬಂಧಿಸಿದ ಮಿಶ್ರಣದ ಸ್ಕ್ರೂ ಬುಡದಲ್ಲಿ ಬೇರೆಯಾಗಿದೆ. ಅದನ್ನು ಹೊರಗೆ ತಿರುಗಿಸಿದರೆ ಮಿಶ್ರಣ ಹೆಚ್ಚುತ್ತದೆ. ಒಳಗೆ ತಿರುಗಿಸುವಾಗ ಬಲ ಹಾಕಿ ಬಿಗಿದರೆ ಅದರ ಚೂಪು ತುದಿಗೆ ಗೀರು ಬಿದ್ದು ಮುಂದೆಂದೂ ಸರಿಹೋಗದು. ತಂತಿ ಸ್ಪ್ರಿಂಗುಗಳ ಪರೀಕ್ಷೆ ಮಾತ್ರ ಅಲ್ಲಿಯೂ ಇದೇ.

ಓಡುತ್ತಿರುವಾಗ ಥ್ರಾಟಲ್ ಹಿಡಿದುಕೊಂಡರೆ ಮಾಡಬೇಕಾದದ್ದನ್ನು ಹೇಳದೆ ಮುಗಿಸುವಂತಿಲ್ಲ. ಕ್ಲಚ್ಚು ಒತ್ತಿ, ಬ್ರೇಕು ಒತ್ತಿ, ಆಮೇಲೆ ಬೀಗದ ಕೈ ತಿರುಗಿಸಿ ಎಂಜಿನು ಆರಿಸಿ. ಎಂಜಿನು ಕೂಗಿಕೊಂಡರೆ ಕೂಗಿಕೊಳ್ಳಲಿ. ಅದು ಹಾಳಾದರೆ ಹಣದಿಂದ ಸರಿಹೋಗುತ್ತದೆ. ಮೈನರಿನ ಬ್ರೇಕಿಗೆ ಎಂಜಿನಿನ ನೆರವು ಇಲ್ಲದ್ದರಿಂದ ಎಂಜಿನು ಆರಿದ ಮೇಲೂ ಅದು ಎಂದಿನಂತೆಯೇ ಹಿಡಿಯುತ್ತದೆ. ಸ್ಟೀರಿಂಗಿಗೆ ಬೀಗ ಬೀಳುವ ಕಾರುಗಳಲ್ಲಿ ಮಾತ್ರ ಕಾರು ಪೂರ್ತಿ ನಿಲ್ಲುವ ತನಕ ಕೀಲಿಯನ್ನು ಹೊರಗೆ ತೆಗೆಯಕೂಡದು. ಚಿಕ್ಕಪ್ಪನವರು ಆ ದಿನ ಮಾಡಿದ್ದೂ ಇಷ್ಟೇ.

ಕೆಲಸ ಮುಗಿದ ಮೇಲೆ ಹತ್ತು ಮೈಲಿ ಓಡಿಸಿ ಬಂದು, ಬಿಸಿ ಎಂಜಿನಿನಲ್ಲಿ ಇನ್ನೊಮ್ಮೆ ಕಿವಿಗೊಡಿ. ಜೆಟ್ ನಟ್ಟು ಮೇಲಿನಿಂದ ಎಷ್ಟು ಮುಖ ಕೆಳಗಿದೆ, ಥ್ರಾಟಲ್ ಸ್ಕ್ರೂ ಎಷ್ಟು ಸುತ್ತು ಒಳಗಿದೆ, ಅಂದಿನ ದಿನಾಂಕ ಯಾವುದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕಾರಿನ ಗೂಡಿನಲ್ಲಿ ಇಟ್ಟುಬಿಡಿ. ಮುಂದಿನ ಸಲ ಬಾನೆಟ್ಟು ಎತ್ತಿದವರು ಯಾರೇ ಆಗಲಿ, ಆ ಸ್ಕ್ರೂ ಮುಟ್ಟುವ ಮೊದಲು ಚೀಟಿ ಓದಿಕೊಳ್ಳಲಿ.